ಎರೆ ಹೊಲದ ಪೈಪು, ಮಸಾರಿ ನೆಲದ ಪೈಪು

ಹುಮನಾಬಾದ್‌ನಿಂದ ಸೊಲ್ಲಾಪುರದ ಕಡೆ ರಾಷ್ಟ್ರೀಯ ಹೆದ್ದಾರಿ 65ರಲ್ಲಿ ಹೊರಟರೆ ರಾಜೇಶ್ವರ ದಾಟಿದ ಮೇಲೆ ಸಸ್ತಾಪುರ ಬಂಗ್ಲಾ ಕ್ರಾಸ್ ಸಿಗುತ್ತದೆ. ಅಲ್ಲಿ ಬಲಕ್ಕೆ ಹೊರಳಿದರೆ ಬಸವಕಲ್ಯಾಣ. ಒಂದು ತಾಸಿನೊಳಗಿನ ದಾರಿ, ಅಷ್ಟರಲ್ಲೇ ನೆಲದ ಗುಣ ಬದಲಾಗಿರುತ್ತದೆ. ಬೀದರ್-ಹುಮನಾಬಾದ್ ಭಾಗದಲ್ಲಿ ಕೆಂಪು ಕಲ್ಲಿನ ಪ್ರಸ್ಥಭೂಮಿ; ಮೇಲೆ ತೆಳುವಾದ ಮಸಾರಿ ಮಣ್ಣು, ಗುದ್ದಲಿ ಹಾಕಿದರೆ ಮೊರಮು. ಕಲ್ಯಾಣದ ಕಡೆ ಹೆಚ್ಚಾಗಿ ಕರಿಕಲ್ಲು ಸವೆದು ಆದ ಎರೆ ಹೊಲಗಳು, ತೊಗರಿ, ಉದ್ದು, ಸೋಯಾ, ಕಡಲೆ ಬೆಳೆಯುವ ಭೂಮಿ. ರೈತರು ಈ ಎರಡು ನೆಲಗಳನ್ನು ಬಿತ್ತನೆಯಿಂದ ಬಲ್ಲರು. ಲೈನ್‌ಮ್ಯಾನ್‌ಗಳು ಬಲ್ಲದ್ದು ಟಿಸಿ (ಟ್ರಾನ್ಸ್‌ಫಾರ್ಮರ್) ಪಕ್ಕದಲ್ಲಿ ಹುಗಿದ ಅರ್ಥಿಂಗ್ ಪೈಪಿನಿಂದ.

ಎರಡೂವರೆ ಮೀಟರ್ ಉದ್ದದ, 40 ಮಿಲಿಮೀಟರ್ ವ್ಯಾಸದ ಜಿಐ ಪೈಪೊಂದನ್ನು ತೆಗೆದುಕೊಳ್ಳೋಣ. ಮಳೆಗಾಲದಲ್ಲಿ ಹಸಿ ಎರೆಯ ಪ್ರತಿರೋಧಕತೆ 20 ಓಮ್-ಮೀಟರ್ ಇದ್ದರೆ, ಅದರಲ್ಲಿ ನೆಟ್ಟ ಈ ಪೈಪು ಭೂಮಿಗೆ ತೋರುವ ಪ್ರತಿರೋಧ 6-7 ಓಮ್. ಒಣಗಿದ ಕಲ್ಲು ನೆಲದಲ್ಲಿ ಪ್ರತಿರೋಧಕತೆ 1,000 ಓಮ್-ಮೀಟರ್‌ಗೆ ಏರಿದರೆ ಅದೇ ಪೈಪಿನದು 330 ಓಮ್. ಟಿಸಿಯ ಅರ್ಥಿಂಗ್ 5 ಓಮ್ ಒಳಗಿರಬೇಕೆಂಬುದು ಬಹುಕಾಲದಿಂದ ನಡೆದುಬಂದ ಗುರಿ. ಎರೆಯಲ್ಲೂ ಅದು ಸದಾ ಸಿಗುವುದಿಲ್ಲ. ಬೇಸಿಗೆ ಬಂತೆಂದರೆ ಎರೆ ಬಿರಿಯುತ್ತದೆ, ಪೈಪಿನ ಸುತ್ತಲಿನ ಮಣ್ಣು ಕುಗ್ಗಿ ದೂರ ಸರಿಯುತ್ತದೆ, ಪೈಪು ನೆಲದಲ್ಲಿದ್ದೂ ನೆಲಕ್ಕೆ ತಾಗದಂತಾಗುತ್ತದೆ.

ಈ ಸೀಮೆಯಲ್ಲಿ ವಿದ್ಯುತ್ತಿನ ಚರಿತ್ರೆ ಬರೆಯುವವರು ಕಂಬ ಎಣಿಸುತ್ತಾರೆ, ಊರು ಎಣಿಸುತ್ತಾರೆ. ತಂತಿ ಹರಿದಾಗ, ಇನ್ಸುಲೇಟರ್ ಒಡೆದಾಗ, ಕರೆಂಟು ಭೂಮಿಗೆ ಇಳಿಯುವಾಗ ಏನಾಗಬೇಕು ಎಂಬುದನ್ನು ಯಾರು, ಯಾವಾಗ, ಹೇಗೆ ತೀರ್ಮಾನಿಸಿದರು ಎನ್ನುವ ಚರಿತ್ರೆಯೂ ಇದೆ. ಅದು ಜನರ ಜೀವಕ್ಕೆ ಇನ್ನೂ ಹತ್ತಿರದ್ದು.

ಮೈಸೂರು ಸಂಸ್ಥಾನ ವಿದ್ಯುತ್ತಿನ ವಿಷಯದಲ್ಲಿ ಬೇಗ ಎಚ್ಚೆತ್ತಿತ್ತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 147 ಕಿಲೋಮೀಟರ್ ತಂತಿ ಎಳೆದಿತ್ತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ಬಂತು. ಕಲ್ಯಾಣ, ಹುಮನಾಬಾದ್ ಆಗ ನಿಜಾಮರ ರಾಜ್ಯದಲ್ಲಿದ್ದವು. ಕಲ್ಯಾಣವಂತೂ ನವಾಬರ ಜಾಗೀರು. ಹೈದರಾಬಾದ್ ನಗರಕ್ಕಾಗಿ 1920ರಲ್ಲಿ ಹುಸೇನ್ ಸಾಗರದ ದಂಡೆಯಲ್ಲಿ ಕಲ್ಲಿದ್ದಲಿನ ವಿದ್ಯುತ್ ಕೇಂದ್ರ ಎದ್ದಿತು. ಅದರ ಬೆಳಕು ರಾಜಧಾನಿಯ ಸುತ್ತಲೇ ಉಳಿಯಿತು. ಬೀದರ್ ಜಿಲ್ಲೆಯ ಹಳ್ಳಿಗಳಿಗೆ ಸೀಮೆಎಣ್ಣೆಯ ಬುಡ್ಡಿಯೇ ಗತಿ. 1948ರ ಸೆಪ್ಟೆಂಬರ್‌ನಲ್ಲಿ ನಿಜಾಮರ ಆಡಳಿತ ಮುಗಿಯಿತು, 1956ರ ನವೆಂಬರ್ 1ರಂದು ಬೀದರ್ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು.

ಅದೇ 1956ರಲ್ಲಿ ಭಾರತೀಯ ವಿದ್ಯುತ್ ನಿಯಮಾವಳಿ ಹೊಸದಾಗಿ ಬಂತು. ಅದರ 91ನೇ ನಿಯಮ ಇವತ್ತಿಗೂ ಓದಿದವರನ್ನು ನಿಲ್ಲಿಸುತ್ತದೆ. ರಸ್ತೆ, ಜನ ಓಡಾಡುವ ಜಾಗಗಳ ಮೇಲೆ ಹಾದುಹೋಗುವ ತಂತಿ ಒಂದು ವೇಳೆ ಹರಿದರೆ, ಅದನ್ನು ವಿದ್ಯುತ್ತಿನ ದೃಷ್ಟಿಯಿಂದ ನಿರಪಾಯ ಮಾಡುವ ಸಾಧನ ಇರಲೇಬೇಕು ಎಂದು ಅದು ಹೇಳಿತು. 67ನೇ ನಿಯಮ ಹೈವೋಲ್ಟೇಜ್ ವ್ಯವಸ್ಥೆಯ ನ್ಯೂಟ್ರಲ್ ಬಿಂದುವನ್ನು ಎರಡು ಪ್ರತ್ಯೇಕ ಜೋಡಣೆಗಳಿಂದ ಭೂಮಿಗೆ ಕಟ್ಟಲು ಹೇಳಿತು. 90ನೇ ನಿಯಮ ಲೋಹದ ಕಂಬ, ಬ್ರಾಕೆಟ್‌ಗಳ ಅರ್ಥಿಂಗ್ ಬಗ್ಗೆ ಮಾತಾಡಿತು. ದೇಶದ ಎಂಜಿನಿಯರ್‌ಗಳು ಆಯ್ದುಕೊಂಡ ದಾರಿ ಸ್ಪಷ್ಟವಿತ್ತು: ನ್ಯೂಟ್ರಲ್ ಅನ್ನು ನಡುವೆ ಯಾವ ತಡೆಯೂ ಇಲ್ಲದೆ ನೇರ ಭೂಮಿಗೆ ಕಟ್ಟುವುದು. ತಂತಿ ನೆಲಕ್ಕೆ ಬಿದ್ದರೆ ಭಾರಿ ಕರೆಂಟು ಹರಿಯುತ್ತದೆ, ಹರಿದದ್ದನ್ನು ರಿಲೇ ಕಂಡು ಬ್ರೇಕರ್ ಬಿಚ್ಚುತ್ತದೆ. ದೋಷ ದೊಡ್ಡದಾದಷ್ಟೂ ಬೇಗ ಕಣ್ಣಿಗೆ ಬೀಳುತ್ತದೆ ಎಂಬುದು ತರ್ಕ.

ರಸ್ತೆ ದಾಟುವ ಲೈನಿನ ಕೆಳಗೆ ಕಟ್ಟುವ ಗಾರ್ಡ್ ವೈರ್ ಈ ತರ್ಕದ್ದೇ ಕೂಸು. ಹರಿದ ತಂತಿ ಬರಿಯ ಮಣ್ಣಿಗೆ ಬೀಳುವ ಮೊದಲೇ ಭೂಮಿಗೆ ಕಟ್ಟಿದ ಕಬ್ಬಿಣದ ತಂತಿಗೆ ತಾಗಲಿ, ದೋಷ ದೊಡ್ಡದಾಗಲಿ, ಬ್ರೇಕರ್ ಬೀಳಲಿ ಎಂದು ಅದನ್ನು ಕಟ್ಟುತ್ತಾರೆ. ಹೊಲದ ಮೇಲೆ ಹಾಯುವ ಲೈನಿಗೆ ಮಾತ್ರ ಗಾರ್ಡ್ ಇಲ್ಲ.

1957ರ ಅಕ್ಟೋಬರ್ 1ರಂದು ಮೈಸೂರು ರಾಜ್ಯ ವಿದ್ಯುತ್ ಮಂಡಳಿ ಹುಟ್ಟಿತು. 1965ರಲ್ಲಿ ಶರಾವತಿಯ ಕರೆಂಟು ಹರಿಯತೊಡಗಿತು. ರಾಜ್ಯದ ದಕ್ಷಿಣ ಭಾಗದಲ್ಲಿ 66 ಕೆವಿ ಲೈನುಗಳು ಹರಡಿದ್ದರೆ, ಉತ್ತರದಲ್ಲಿ 110 ಕೆವಿ ಮತ್ತು 33 ಕೆವಿ ರೂಢಿಯಾದವು. ಹಳ್ಳಿಗಳಿಗೆ ಕರೆಂಟು ನಿಜವಾಗಿ ನುಗ್ಗಿದ್ದು 1969ರಲ್ಲಿ ಗ್ರಾಮೀಣ ವಿದ್ಯುದೀಕರಣ ನಿಗಮ ಸ್ಥಾಪನೆಯಾದ ಮೇಲೆ. ನಿಗಮದ ಮುಂದಿದ್ದ ಪ್ರಶ್ನೆ ಹಣದ್ದು: ಕಡಿಮೆ ದುಡ್ಡಿನಲ್ಲಿ ಹೆಚ್ಚು ಊರು ತಲುಪಬೇಕು. ಹಾಗಾಗಿ 11 ಕೆವಿ ಲೈನುಗಳಿಗೆ ಸಣ್ಣ ಗಾತ್ರದ ವಾಹಕ ಬಂತು, ಸಿಮೆಂಟ್ ಕಂಬ ಬಂತು, ಲೈನಿನುದ್ದಕ್ಕೂ ಎಳೆಯುತ್ತಿದ್ದ ಅರ್ತ್ ವೈರ್ ಅನೇಕ ಕಡೆ ಬಿಟ್ಟುಹೋಯಿತು. ಅದರ ಬದಲು ಕಂಬದ ಬುಡದಲ್ಲಿ ಕಾಯಿಲ್ ಅರ್ಥಿಂಗ್ ಬಂತು. ಎಂಟನೇ ನಂಬರಿನ ಜಿಐ ತಂತಿಯನ್ನು 50 ಮಿಲಿಮೀಟರ್ ವ್ಯಾಸದ ಸುರುಳಿಯಾಗಿ ನೂರಕ್ಕೂ ಹೆಚ್ಚು ಸುತ್ತು ಸುತ್ತಿ, ಒಂದೂವರೆ ಮೀಟರ್ ಆಳದಲ್ಲಿ ಹುಗಿಯುವ ಪದ್ಧತಿ ಇದು. ಸುರುಳಿ ಸುತ್ತುವುದಕ್ಕೆ ಒಂದು ಪೈಪಿನ ತುಂಡು, ಇಬ್ಬರು ಆಳುಗಳು ಸಾಕು. ಎರೆಯಲ್ಲಿ ಅದು ಪಾಲಿಗೆ ಬಂದ ಕೆಲಸವನ್ನು ಒಂದಿಷ್ಟಾದರೂ ಮಾಡಿತು. ಮೊರಮಿನಲ್ಲಿ ಅದೇ ಸುರುಳಿ ನೆಲದ ಜತೆ ಹೆಚ್ಚೇನೂ ಬೆರೆಯಲಿಲ್ಲ.

ಟಿಸಿ ಅರ್ಥಿಂಗ್ ಇನ್ನೊಂದು ಕಸುಬು. ಒಂದು ಟಿಸಿಗೆ ಮೂರು ಗುಂಡಿ: ಮಿಂಚುಬಂಧಕಕ್ಕೆ ಒಂದು, ನ್ಯೂಟ್ರಲ್‌ಗೆ ಒಂದು, ಟಿಸಿಯ ಮೈಗೆ ಒಂದು. ಪೈಪಿನ ಮೈಗೆ ತೂತು ಕೊರೆದು ಗುಂಡಿಯಲ್ಲಿ ನಿಲ್ಲಿಸಿ, ಸುತ್ತ ಒಂದು ಪದರ ಇದ್ದಿಲು, ಒಂದು ಪದರ ಉಪ್ಪು, ಮತ್ತೆ ಇದ್ದಿಲು, ಮತ್ತೆ ಉಪ್ಪು ಎಂದು ತುಂಬುತ್ತ ಬರುತ್ತಾರೆ. ಉಪ್ಪು ಮಣ್ಣಿನ ನೀರಿನಲ್ಲಿ ಕರಗಿ ಕರೆಂಟಿಗೆ ದಾರಿ ಮಾಡುತ್ತದೆ, ಇದ್ದಿಲು ತೇವ ಹಿಡಿದಿಡುತ್ತದೆ. ಬಾಯಿಗೊಂದು ಲಾಳಿಕೆ, ಸುತ್ತ ಇಟ್ಟಿಗೆ ಕಟ್ಟು, ಮೇಲೆ ಮುಚ್ಚಳ. ಏಪ್ರಿಲ್-ಮೇ ತಿಂಗಳಲ್ಲಿ ಲಾಳಿಕೆಯಲ್ಲಿ ಬಕೆಟ್ಟುಗಟ್ಟಲೆ ನೀರು ಸುರಿಯಬೇಕು. 1966ರಲ್ಲಿ ಮೊದಲ ಬಾರಿಗೆ ಬಂದು 1987ರಲ್ಲಿ, ಮತ್ತೆ 2018ರಲ್ಲಿ ಪರಿಷ್ಕಾರಗೊಂಡ ಐಎಸ್ 3043 ಎಂಬ ಭಾರತೀಯ ಮಾನಕ ಇದನ್ನೆಲ್ಲ ಅಳತೆಗೆ ತಂದಿತು. ತೊಂದರೆಯೆಂದರೆ ಉಪ್ಪು ಕರೆಂಟಿಗೆ ದಾರಿ ಮಾಡಿದಂತೆಯೇ ಕಬ್ಬಿಣವನ್ನೂ ತಿನ್ನುತ್ತದೆ. ಕೆಲವು ವರ್ಷದಲ್ಲಿ ಪೈಪು ಒಳಗೇ ಕರಗಿ, ಮೇಲೆ ಮುಚ್ಚಳ, ನಟ್ಟು, ಬೋಲ್ಟು ಮಾತ್ರ ನೆಟ್ಟಗೆ ಕಾಣಿಸುತ್ತವೆ. ಮೇಲಿಂದ ಇಳಿದು ಬರುವ ಜಿಐ ಪಟ್ಟಿ ಕಳ್ಳರ ಪಾಲಾಗುವುದೂ ಉಂಟು. ಅಳೆದು ನೋಡದೆ ಯಾವ ಗುಂಡಿಯನ್ನೂ ನಂಬುವಂತಿಲ್ಲ.

ಲೈನಿನ ಇನ್ನೊಂದು ತುದಿಯಲ್ಲಿ, 33/11 ಕೆವಿ ಸ್ಟೇಷನ್ನಿನ ಪ್ಯಾನಲ್ ಮೇಲೆ, ಗಾಜಿನ ಮುಚ್ಚಳದ ಹಿಂದೆ ಒಂದು ಅಲ್ಯುಮಿನಿಯಂ ಬಿಲ್ಲೆ ಇರುತ್ತಿತ್ತು. ಇಂಗ್ಲಿಷ್ ಎಲೆಕ್ಟ್ರಿಕ್ ಕಂಪನಿಯ ಸಿಡಿಜಿ ರಿಲೇ ಹಳೆಯ ಆಪರೇಟರ್‌ಗಳಿಗೆಲ್ಲ ಗೊತ್ತು. ಮೂರು ಫೇಸಿನ ಕರೆಂಟು ಸಮನಾಗಿದ್ದರೆ ಅರ್ತ್ ಫಾಲ್ಟ್ ರಿಲೇಯ ಬಿಲ್ಲೆ ಅಲುಗುವುದಿಲ್ಲ. ಒಂದು ಫೇಸಿನಿಂದ ಕರೆಂಟು ಭೂಮಿಗೆ ಸೋರಿದರೆ ಲೆಕ್ಕ ತಪ್ಪುತ್ತದೆ, ಬಿಲ್ಲೆ ತಿರುಗುತ್ತದೆ. ಸೋರಿಕೆ ಹೆಚ್ಚಾದಷ್ಟೂ ಜೋರು. ಅದು ತಿರುಗಿ ಕಾಂಟ್ಯಾಕ್ಟ್ ಮುಟ್ಟಿದರೆ ಬ್ರೇಕರ್ ಬೀಳುತ್ತದೆ, ಸಣ್ಣ ಫ್ಲಾಗ್ ಒಂದು ಕೆಳಗಿಳಿಯುತ್ತದೆ. ಆಪರೇಟರ್ ಲಾಗ್ ಪುಸ್ತಕದಲ್ಲಿ ವೇಳೆ ಬರೆದು, ಫ್ಲಾಗ್ ಎತ್ತಿ, ಸ್ವಲ್ಪ ಹೊತ್ತು ಬಿಟ್ಟು ಲೈನು ಹಾಕಿ ನೋಡುತ್ತಾನೆ.

200 ಆಂಪಿಯರ್‌ನ ಸಿಟಿ (ಕರೆಂಟ್ ಟ್ರಾನ್ಸ್‌ಫಾರ್ಮರ್) ಮೇಲೆ ಈ ರಿಲೇಯನ್ನು ಶೇಕಡಾ 20ಕ್ಕೆ ಇಟ್ಟರೆ, 40 ಆಂಪಿಯರ್‌ಗಿಂತ ಕಡಿಮೆ ಸೋರಿಕೆ ಅದಕ್ಕೆ ಕಾಣುವುದೇ ಇಲ್ಲ. ಈ ಸೀಮೆಯ ಕಷ್ಟವೆಲ್ಲ ಇರುವುದು ಇಲ್ಲೇ. 5 ಎಂವಿಎ ಟ್ರಾನ್ಸ್‌ಫಾರ್ಮರ್‌ನ 11 ಕೆವಿ ಬದಿಯ ಪೂರ್ಣ ಲೋಡ್ 262 ಆಂಪಿಯರ್. ಅದರ ಇಂಪಿಡೆನ್ಸ್ ಶೇಕಡಾ 7.15 ಎಂದು ಹಿಡಿದರೆ ಸ್ಟೇಷನ್ ಗೇಟಿನ ಹತ್ತಿರವೇ ತಂತಿ ಭೂಮಿಗೆ ತಾಗಿದಾಗ 3,600 ಆಂಪಿಯರ್‌ವರೆಗೆ ಕರೆಂಟು ನುಗ್ಗಬಹುದು. ಸುರುಳಿಗಳ ಮೇಲೆ ಬೀಳುವ ಬಲ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ; ಇಂಥ ಪ್ರತಿ ಹೊಡೆತವೂ ಟ್ರಾನ್ಸ್‌ಫಾರ್ಮರ್‌ನ ಆಯುಷ್ಯ ತಿನ್ನುತ್ತದೆ. ಅದೇ ಲೈನಿನ ಕೊನೆಯಲ್ಲಿ ತಂತಿ ಹರಿದು ಒಣ ಮಸಾರಿಯ ಮೇಲೆ ಬಿದ್ದರೆ, ತಾಗಿದ ಜಾಗದ ಪ್ರತಿರೋಧ 300 ಓಮ್ ಎಂದುಕೊಂಡರೂ ಹರಿಯುವುದು 21 ಆಂಪಿಯರ್. ಬಿಲ್ಲೆ ಅಲುಗುವುದಿಲ್ಲ. ತಂತಿ 6,350 ವೋಲ್ಟ್ ಹೊತ್ತು ಬದುವಿನ ಮೇಲೆ ಬಿದ್ದಿರುತ್ತದೆ. ಸ್ಟೇಷನ್ನಿಗೆ ಸುದ್ದಿ ಮುಟ್ಟಿಸುವುದು ರಿಲೇ ಅಲ್ಲ, ಹೊಲದಿಂದ ಬರುವ ಫೋನು: “ವಾಯರ್ ಹರದು ಬಿದ್ದದ್ರಿ, ಲೈನ್ ಬಂದ್ ಮಾಡ್ರಿ.”

ಮಿರಗದ ಮಳೆಗೆ ಮುಂಚಿನ ಗಾಳಿ-ಸಿಡಿಲಿನ ವಾರಗಳಲ್ಲಿ ಇಂಥ ಫೋನು ಹೆಚ್ಚು. ಆಗ ಬಿದ್ದ ತಂತಿಯ ಸುತ್ತ ನೆಲದಲ್ಲೇ ವೋಲ್ಟೇಜು ಹರಡಿರುತ್ತದೆ, ಒಂದೊಂದು ಹೆಜ್ಜೆಗೂ ಇಳಿಯುತ್ತ ಹೋಗುತ್ತದೆ. ಮನುಷ್ಯನ ಹೆಜ್ಜೆಗಿಂತ ಎತ್ತಿನ ಮುಂಗಾಲು-ಹಿಂಗಾಲಿನ ಅಂತರ ದೊಡ್ಡದು. ಕರೆಂಟು ಅದರ ಎದೆಯ ಮೂಲಕವೇ ಹಾಯುತ್ತದೆ. ಮಳೆ ನಿಂತ ಮೇಲೆ ಹೊಲದಲ್ಲಿ ಜೋಡೆತ್ತು ಸತ್ತು ಬಿದ್ದ ಸುದ್ದಿ ಬರುವುದು ಹೀಗೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಲೆಕ್ಕದಂತೆ ಇತ್ತೀಚಿನ ವರ್ಷಗಳಲ್ಲಿ ದೇಶದಲ್ಲಿ ವರ್ಷಕ್ಕೆ 12 ಸಾವಿರಕ್ಕೂ ಹೆಚ್ಚು ಜನ ವಿದ್ಯುತ್ ತಗುಲಿ ಸಾಯುತ್ತಿದ್ದಾರೆ. ಎತ್ತು, ಎಮ್ಮೆಗಳು ಆ ಲೆಕ್ಕದಲ್ಲಿಲ್ಲ.

ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆಯ ಲೆಕ್ಕವೂ ಹೀಗೆಯೇ. ಒಳಗೆ ಫೇಸ್ ತಂತಿಯ ತೊಗಲು ಸುಲಿದು ತಗಡಿಗೆ ತಾಗಿತು ಎನ್ನೋಣ. ಬಾವಿಯ ಪಕ್ಕದ ಅರ್ತ್ ರಾಡ್ 330 ಓಮ್, ಟಿಸಿಯದು 5 ಓಮ್. 230 ವೋಲ್ಟಿಗೆ ಹರಿಯುವುದು ಮುಕ್ಕಾಲು ಆಂಪಿಯರ್‌ಗಿಂತ ಕಡಿಮೆ. 15 ಆಂಪಿಯರ್‌ನ ಫ್ಯೂಸ್ ತಣ್ಣಗೆ ಕೂತಿರುತ್ತದೆ, ಪೆಟ್ಟಿಗೆಯ ಮೈಮೇಲೆ 226 ವೋಲ್ಟ್ ನಿಂತಿರುತ್ತದೆ. ಇದಕ್ಕೆ ಮದ್ದು ಹುಟ್ಟಿದ್ದು ಗಣಿಯಲ್ಲಿ. ಹೋಗುವ ಕರೆಂಟು, ಮರಳುವ ಕರೆಂಟು ಎರಡನ್ನೂ ತೂಗಿ ವ್ಯತ್ಯಾಸ ಕಂಡೊಡನೆ ಕಡಿಯುವ ಸಾಧನವನ್ನು 1955ರ ಸುಮಾರಿಗೆ ಹೆನ್ರಿ ರೂಬಿನ್ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಿಗಾಗಿ ರೂಪಿಸಿದರು. ಇವತ್ತು ಅಂಗಡಿಯಲ್ಲಿ ಸಿಗುವ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಅದರ ವಂಶದ್ದು. ಪಟ್ಟಣದ ಹೊಸ ಮನೆಗಳಿಗೆ ಅದು ಬಂದಿದೆ. ಬಾವಿ ದಂಡೆಗೆ ಬರಬೇಕಾದದ್ದು ಮೊದಲು.

ಹರಿಯುವ ದೋಷ ಕರೆಂಟನ್ನೇ ಕಡಿಮೆ ಮಾಡಿದರೆ ಹೇಗೆ ಎಂಬ ಯೋಚನೆ ಯುರೋಪಿನಲ್ಲಿ ನೂರು ವರ್ಷದ ಹಿಂದೆಯೇ ಬಂದಿತ್ತು. ಮೊದಮೊದಲು ಎಷ್ಟೋ ಲೈನುಗಳ ನ್ಯೂಟ್ರಲ್ ಯಾವುದಕ್ಕೂ ಕಟ್ಟದೆ ಬಿಟ್ಟಿರುತ್ತಿದ್ದರು. ಆಗ ಒಂದು ತಂತಿ ಭೂಮಿಗೆ ತಾಗಿದರೆ ಹರಿಯುವುದು ಉಳಿದೆರಡು ತಂತಿಗಳು ಗಾಳಿಯ ಮೂಲಕ ಭೂಮಿಯ ಜತೆ ಹೊಂದಿರುವ ಕೆಪಾಸಿಟರ್ ಕರೆಂಟು ಮಾತ್ರ. 11 ಕೆವಿಯ 100 ಕಿಲೋಮೀಟರ್ ಲೈನಿಗೆ ಅದು ಸುಮಾರು 3 ಆಂಪಿಯರ್. ಲೈನುಗಳು ಉದ್ದವಾದಂತೆ ಈ ಕರೆಂಟು ಬೆಳೆದು, ದೋಷದ ಜಾಗದ ಕಿಡಿ ಪೂರ್ತಿ ಆರದೆ, ಆರಿ ಮತ್ತೆ ಹೊತ್ತಿ ಇನ್ಸುಲೇಟರ್‌ಗಳನ್ನು ಒಡೆಯತೊಡಗಿತು. ಜರ್ಮನಿಯ ಡಾರ್ಮ್‌ಸ್ಟಾಟ್‌ನ ಪ್ರೊಫೆಸರ್ ವಾಲ್ಡೆಮಾರ್ ಪೀಟರ್ಸನ್ 1917ರಲ್ಲಿ ಇದಕ್ಕೆ ಉತ್ತರ ಕಂಡರು. ನ್ಯೂಟ್ರಲ್ ಮತ್ತು ಭೂಮಿಯ ನಡುವೆ ಅಳತೆಗೆ ಹೊಂದಿಸಿದ ಒಂದು ಕಾಯಿಲ್. ಅದರ ಕರೆಂಟು ಲೈನಿನ ಕೆಪಾಸಿಟರ್ ಕರೆಂಟಿಗೆ ಸರಿಯಾಗಿ ಎದುರು. ಸಮಬಲದ ಹಗ್ಗಜಗ್ಗಾಟದಲ್ಲಿ ಹಗ್ಗ ನಿಂತಲ್ಲೇ ನಿಲ್ಲುವಂತೆ ದೋಷದ ಜಾಗದಲ್ಲಿ ಹೆಚ್ಚೇನೂ ಹರಿಯದು. ಕಿಡಿ ತಾನಾಗಿ ಆರುತ್ತದೆ. ಜರ್ಮನಿ ಮತ್ತು ಅದರ ನೆರೆಯ ದೇಶಗಳು ಇದನ್ನು ಅಪ್ಪಿಕೊಂಡವು. ಭಾರತದ 11 ಕೆವಿ ಲೈನುಗಳು ಅಪ್ಪಿಕೊಳ್ಳಲಿಲ್ಲ.

ಕಾರಣಗಳಿದ್ದವು. ನೇರ ಅರ್ಥಿಂಗ್‌ನಲ್ಲಿ ಒಂದು ಫೇಸು ಕೆಟ್ಟರೂ ಉಳಿದೆರಡರ ವೋಲ್ಟೇಜು ಬಹಳ ಏರುವುದಿಲ್ಲ, ಹಾಗಾಗಿ 11 ಕೆವಿ ಲೈನಿಗೆ 9 ಕೆವಿ ರೇಟಿಂಗಿನ ಅಗ್ಗದ ಮಿಂಚುಬಂಧಕ ಸಾಕು. ಪೀಟರ್ಸನ್ ಪದ್ಧತಿಯಲ್ಲಿ ಆ ಎರಡು ಫೇಸುಗಳು ಭೂಮಿಗೆ 6,350 ವೋಲ್ಟ್‌ನಿಂದ 11,000ಕ್ಕೆ ಏರುತ್ತವೆ. ಆ 9 ಕೆವಿ ಬಂಧಕ ಅಲ್ಲೇ ಸಿಡಿಯುತ್ತದೆ. ಬಡ ದೇಶ ಲಕ್ಷಾಂತರ ಹಳ್ಳಿಗೆ ತಂತಿ ಎಳೆಯುವಾಗ ಅಗ್ಗದ್ದನ್ನು ಆಯ್ದದ್ದು ತಪ್ಪೆನ್ನಲಾಗದು. ಆದರೆ ಆ ಆಯ್ಕೆಯ ಬೆಲೆ ಸ್ಟೇಷನ್ನಿನಲ್ಲಿ ಕಾಣಿಸಲಿಲ್ಲ, ಹೊಲದಲ್ಲಿ ಕಾಣಿಸಿತು. ಅದು ಯಾವ ಅಂದಾಜು ಪಟ್ಟಿಗೂ ಸೇರಲಿಲ್ಲ.

ಅದೇ ಹೊತ್ತಿಗೆ ದುಬಾರಿ ಯಂತ್ರದ ಪಾಲಿಗೆ ಬೇರೆ ನೀತಿ ನಡೆಯಿತು. 1985ರಲ್ಲಿ ಕರೆಂಟು ಕೊಡಲು ಶುರು ಮಾಡಿದ ರಾಯಚೂರು ಶಾಖೋತ್ಪನ್ನ ಕೇಂದ್ರದ 210 ಮೆಗಾವಾಟ್‌ನಂಥ ಜನರೇಟರ್‌ಗಳ ನ್ಯೂಟ್ರಲ್ ಅನ್ನು ಯಾರೂ ನೇರ ಭೂಮಿಗೆ ಕಟ್ಟುವುದಿಲ್ಲ. ನಡುವೆ ಟ್ರಾನ್ಸ್‌ಫಾರ್ಮರ್, ಅದರ ಬೆನ್ನಿಗೆ ರೆಸಿಸ್ಟರ್ ಇಟ್ಟು ಭೂದೋಷದ ಕರೆಂಟನ್ನು ಕೆಲವೇ ಆಂಪಿಯರ್‌ಗೆ ಇಳಿಸುತ್ತಾರೆ, ಇಲ್ಲದಿದ್ದರೆ ಜನರೇಟರಿನ ಉಕ್ಕಿನ ಹೃದಯ ಕರಗಿಹೋಗುತ್ತದೆ. ಕಬ್ಬು ಅರೆಯುತ್ತ ಕರೆಂಟೂ ಹುಟ್ಟಿಸುವ ಸಕ್ಕರೆ ಕಾರ್ಖಾನೆಗಳಲ್ಲೂ ಟರ್ಬೈನ್ ಜನರೇಟರ್ ಪಕ್ಕದಲ್ಲಿ ನ್ಯೂಟ್ರಲ್ ರೆಸಿಸ್ಟರಿನ ಪೆಟ್ಟಿಗೆ ಸಾಮಾನ್ಯ. ಉಕ್ಕನ್ನು ಉಳಿಸುವ ಜ್ಞಾನ ಈ ರಾಜ್ಯದಲ್ಲಿ ನಾಲ್ಕು ದಶಕದಿಂದ ಇದೆ. ಅದು ಹೊಲದ ಲೈನಿನವರೆಗೆ ಇಳಿದು ಬರಬೇಕಿತ್ತು.

ಪೀಟರ್ಸನ್ ಉಪಾಯ ಮತ್ತೆ ಸುದ್ದಿಯಾದದ್ದು ಆಸ್ಟ್ರೇಲಿಯಾದಲ್ಲಿ. 2009ರ ಫೆಬ್ರುವರಿ 7ರಂದು ವಿಕ್ಟೋರಿಯಾ ರಾಜ್ಯದಲ್ಲಿ ಎದ್ದ ಕಾಡ್ಗಿಚ್ಚುಗಳು 173 ಜೀವ ತೆಗೆದವು. ಅವುಗಳಲ್ಲಿ ಅತಿ ಘೋರವಾದ ಕಿಲ್ಮೋರ್ ಈಸ್ಟ್ ಬೆಂಕಿ ಹೊತ್ತಿದ್ದು ಹರಿದ ವಿದ್ಯುತ್ ತಂತಿಯಿಂದ. ರಾಯಲ್ ಕಮಿಷನ್ ವಿಚಾರಣೆಯಾಯಿತು. 2016ರ ನಿಯಮಗಳು 45 ಸ್ಟೇಷನ್‌ಗಳಲ್ಲಿ ಭೂದೋಷ ಕರೆಂಟನ್ನು ಕ್ಷಣದಲ್ಲಿ ಅದುಮುವ ಸಾಧನ ಬೇಕೆಂದವು. ಪೀಟರ್ಸನ್ ಕಾಯಿಲ್‌ಗೆ ಎಲೆಕ್ಟ್ರಾನಿಕ್ ಜೋಡಿ ಸೇರಿದ ಈ ಸಾಧನ 22 ಕೆವಿ ಲೈನಿನಲ್ಲಿ ಅರ್ಧ ಆಂಪಿಯರ್‌ನ ಸೋರಿಕೆಯನ್ನೂ ಕಂಡು, ಕೆಟ್ಟ ತಂತಿಯ ವೋಲ್ಟೇಜನ್ನು 2 ಸೆಕೆಂಡಿನೊಳಗೆ 250ಕ್ಕೆ ಇಳಿಸಬೇಕು. 40 ಆಂಪಿಯರ್‌ಗಿಂತ ಕಡಿಮೆಯದನ್ನು ಕಾಣದ ರಿಲೇಯ ಪಕ್ಕ ಈ ಅಂಕಿಯನ್ನು ಇಟ್ಟು ನೋಡಬೇಕು. ಅಲ್ಲೂ ಮೊದಲ ಖರ್ಚು ಬಂದದ್ದು ವೋಲ್ಟೇಜು ತಾಳದ ಮಿಂಚುಬಂಧಕ, ಇನ್ಸುಲೇಟರ್‌ಗಳನ್ನು ಬದಲಿಸುವುದಕ್ಕೆ.

2002ರ ಜೂನ್‌ನಿಂದ ಕಲ್ಯಾಣ, ಹುಮನಾಬಾದ್ ಸೀಮೆ ಕಲಬುರಗಿಯಲ್ಲಿ ಕೇಂದ್ರ ಕಚೇರಿ ಇರುವ ಜೆಸ್ಕಾಂ ಕೈಯಲ್ಲಿದೆ. ಅದೇ ವರ್ಷ ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳನ್ನು ಗುರುತಿಸಿತು. ಅವುಗಳಲ್ಲಿ 21 ಇದ್ದದ್ದು ಈ ಸೀಮೆ ಸೇರಿದ ಗುಲ್ಬರ್ಗಾ ವಿಭಾಗದಲ್ಲೇ. ಅಲ್ಲಿಂದ ಇಲ್ಲಿಗೆ ನಿರಂತರ ಜ್ಯೋತಿ ಯೋಜನೆಯಲ್ಲಿ ಊರಿನ ಲೈನು, ಪಂಪ್‌ಸೆಟ್ಟಿನ ಲೈನು ಬೇರೆಯಾಗುವ ಕೆಲಸ ನಡೆದಿದೆ, ತಿರುಗುವ ಬಿಲ್ಲೆಯ ಜಾಗಕ್ಕೆ ಅಂಕಿ ತೋರಿಸುವ ನ್ಯೂಮರಿಕಲ್ ರಿಲೇ ಬರುತ್ತಿದೆ, ಬಜಾರಿನ ಬರಿತಂತಿ ಹೋಗಿ ತೊಗಲು ಹೊದಿಸಿದ ಎಬಿ ಕೇಬಲ್ ಬರುತ್ತಿದೆ. ಕೇಬಲ್ ಬಂದರೆ ಹರಿದು ಬೀಳುವ ಭಯ ಕಡಿಮೆ. ಆದರೆ ನೆಲದೊಳಗಿನ 11 ಕೆವಿ ಕೇಬಲ್‌ಗೆ ಕೆಪಾಸಿಟರ್ ಕರೆಂಟು ಜಾಸ್ತಿ, 10 ಕಿಲೋಮೀಟರ್‌ಗೇ ಸುಮಾರು 11 ಆಂಪಿಯರ್. ಮುಂದೆ ಕಾಯಿಲ್ ಕೂರಿಸುವವರು ಅದನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ.

ಎಲ್ಲವನ್ನೂ ಒಟ್ಟಿಗೆ ಮಾಡಬೇಕಿಲ್ಲ. ಪ್ರತಿ ಮೇ-ಜೂನ್‌ನಲ್ಲಿ ಸಿಡಿಲಿಗೆ ಸಿಡಿದ ಮಿಂಚುಬಂಧಕಗಳನ್ನು ಹೇಗೂ ಬದಲಿಸುತ್ತಾರೆ. ಆ ಖರೀದಿಯಲ್ಲೇ ಹೆಚ್ಚಿನ ರೇಟಿಂಗ್ ಕೇಳಿದರೆ ಕೆಲವು ವರ್ಷದಲ್ಲಿ ಒಂದಿಡೀ ಫೀಡರ್ ಪೀಟರ್ಸನ್ ಕಾಯಿಲ್‌ಗೆ ಸಿದ್ಧವಾಗುತ್ತದೆ. ಮೊದಲ ಪ್ರಯೋಗಕ್ಕೆ ಹುಮನಾಬಾದ್ ಕಡೆಯ ಮಸಾರಿ ನೆಲದಲ್ಲಿ ಹಾಯುವ ಒಂದು ಪಂಪ್‌ಸೆಟ್ ಫೀಡರ್ ಸಾಕು. ಎಲ್ಲಕ್ಕಿಂತ ಮೊದಲು, ಈ ಬೇಸಿಗೆಯಲ್ಲೇ, ಪ್ರತಿ ಟಿಸಿಯ ಮೂರೂ ಗುಂಡಿಗಳನ್ನು ಮೆಗ್ಗರಿನಿಂದ ಅಳೆದು ಬಂದ ಓಮ್ ಅನ್ನು ಕಂಬದ ಮೇಲೆ ಬಣ್ಣದಲ್ಲಿ ಬರೆಸಬೇಕು, ಕೆಳಗೆ ತಾರೀಖು ಸಮೇತ.